ಸಾಕು ಹಾವಿನ ಆಹಾರ ನಿರಾಕರಣೆ

ಸಾಕು ಹಾವಿನ ಆಹಾರ ನಿರಾಕರಣೆ: ಮನುಷ್ಯರ ಆರೈಕೆಯಲ್ಲಿರುವ ಹಾವು ತನ್ನ ಜಾತಿ, ವಯಸ್ಸು ಮತ್ತು ಋತುವಿಗೆ ಸಹಜವಾದ ಉಪವಾಸದ ಅವಧಿ ಕಳೆದ ಮೇಲೂ ಮುಂದಿಟ್ಟ ಆಹಾರವನ್ನು ಹಿಡಿಯದಿರುವ ಅಥವಾ ಹಿಡಿದೂ ನುಂಗದೆ ಬಿಡುವ ಸ್ಥಿತಿ. ಇದನ್ನು ಪ್ರತ್ಯೇಕ ರೋಗವೆಂದು ಎಣಿಸುವುದಿಲ್ಲ; ಹಲವು ತೊಂದರೆಗಳಿಗೆ ಇದು ಸಮಾನ ಲಕ್ಷಣ. ಬಹುಪಾಲು ಪ್ರಸಂಗಗಳಲ್ಲಿ ಕಾರಣ ಸಿಗುವುದು ಹಾವನ್ನಿರಿಸಿದ ಪೆಟ್ಟಿಗೆಯಲ್ಲೇ: ಶಾಖ ಸಾಲದಿರುತ್ತದೆ, ಅಡಗಲು ಜಾಗವಿರುವುದಿಲ್ಲ, ಸುತ್ತಲಿನ ಓಡಾಟ ಹೆಚ್ಚಿರುತ್ತದೆ.

ಮುಂಬಯಿಯ ಪೂರ್ವ ಉಪನಗರವಾದ ಭಾಂಡುಪ್‌ನಂಥ ಕಡೆ ಈ ಸಮಸ್ಯೆ ಎರಡು ರೂಪದಲ್ಲಿ ಎದುರಾಗುತ್ತದೆ. ಒಂದು, ಫ್ಲ್ಯಾಟಿನೊಳಗೆ ಸಾಕಿದ ವಿದೇಶಿ ಹಾವಿನ ನಿರಾಕರಣೆ. ಇನ್ನೊಂದು, ಕಾಡಂಚಿನ ಬಸ್ತಿಗಳಲ್ಲಿ ಮನೆಹೊಕ್ಕು ಸೆರೆಯಾದ ಸ್ಥಳೀಯ ಹಾವಿನ ನಿರಾಕರಣೆ. ಮೊದಲನೆಯದಕ್ಕೆ ಉಣಿಸುವ ಕ್ರಮ ತಿಳಿದಿರಬೇಕು. ಎರಡನೆಯದಕ್ಕೆ ಬೇಕಾದದ್ದು ಬಿಡುಗಡೆ. ಇವೆರಡನ್ನು ಬೆರೆಸಿಕೊಂಡದ್ದರಿಂದ ಹಾವುಗಳಿಗೆ ಆಗಿರುವ ಹಾನಿ ಸಣ್ಣದಲ್ಲ.

ಪದಬಳಕೆ

ಈ ಲೇಖನದಲ್ಲಿ ‘ಉಪವಾಸ’ ಎಂದರೆ ಆರೋಗ್ಯವಂತ ಹಾವು ಸಹಜ ಕಾರಣಗಳಿಂದ ಆಹಾರ ಬಿಡುವುದು. ‘ನಿರಾಕರಣೆ’ ಎಂದರೆ ಆ ಮಿತಿಯಾಚೆಯ ಸ್ಥಿತಿ. ನುಂಗಿದ್ದನ್ನು ಅರಗುವ ಮೊದಲೇ ಹೊರಹಾಕುವುದು ‘ಕಕ್ಕುವುದು’. ಆಹಾರವನ್ನು ಹಾವಿನ ಬಾಯಿಗೆ ಮುಟ್ಟಿಸಿ ಅದೇ ನುಂಗುವಂತೆ ಮಾಡುವುದು ‘ನೆರವಿನ ಉಣಿಸುವಿಕೆ’, ಆಹಾರವನ್ನು ಜಠರದವರೆಗೆ ನೂಕುವುದು ಅಥವಾ ನಳಿಕೆಯಿಂದ ಇಳಿಸುವುದು ‘ಬಲವಂತದ ಉಣಿಸುವಿಕೆ’. ಸಾಕುವವರು ಕಣ್ಣು ಬಿಡದ, ಕೂದಲು ಮೂಡದ ಇಲಿಮರಿಯನ್ನು ಪಿಂಕಿ ಎನ್ನುತ್ತಾರೆ. ಅದೇ ಮಾತನ್ನು ಇಲ್ಲಿಯೂ ಇಟ್ಟುಕೊಳ್ಳಲಾಗಿದೆ.

ಹಾವಿನ ಹಸಿವು

ಹಾವಿನ ದೇಹ ತಾನಾಗಿ ಶಾಖ ಹುಟ್ಟಿಸಿಕೊಂಡು ಬೆಚ್ಚಗಿರುವುದಿಲ್ಲ. ಸುತ್ತಲಿನ ಶಾಖವೇ ಅದರ ಚಲನೆ, ಅರಗುವಿಕೆ, ರೋಗನಿರೋಧ ಎಲ್ಲವನ್ನೂ ನಡೆಸುತ್ತದೆ. ದೇಹವನ್ನು ಬೆಚ್ಚಗಿಡಲು ಅನ್ನ ಖರ್ಚಾಗದ ಕಾರಣ, ಅಷ್ಟೇ ತೂಕದ ಸಸ್ತನಿಗೆ ಹೋಲಿಸಿದರೆ ಹಾವಿಗೆ ಬಹಳ ಕಡಿಮೆ ಆಹಾರ ಸಾಕು. ಬೆಳೆದ ಹೆಬ್ಬಾವು ತಿಂಗಳುಗಟ್ಟಲೆ ಏನೂ ತಿನ್ನದೆ ಇದ್ದು, ಮತ್ತೆ ಸಹಜವಾಗಿ ಬೇಟೆ ಹಿಡಿಯಬಲ್ಲದು.

ಆದರೆ ಊಟ ಅರಗಿಸುವುದು ಹಾವಿಗೆ ದುಬಾರಿ ಕೆಲಸ. ಬರ್ಮಾ ಹೆಬ್ಬಾವಿನ ಮೇಲೆ ನಡೆದ ಅಧ್ಯಯನಗಳು ಇದನ್ನು ಸ್ಪಷ್ಟವಾಗಿ ತೋರಿಸಿವೆ. ದೊಡ್ಡ ಬೇಟೆ ನುಂಗಿದ ಎರಡು ಮೂರು ದಿನಗಳಲ್ಲಿ ಅದರ ಆಮ್ಲಜನಕ ಬಳಕೆ ವಿಶ್ರಾಂತ ಸ್ಥಿತಿಗಿಂತ ಹಲವು ಹತ್ತು ಪಟ್ಟು ಏರುತ್ತದೆ. ಕರುಳು, ಯಕೃತ್ತು, ಮೂತ್ರಪಿಂಡಗಳು ಹಿಗ್ಗುತ್ತವೆ. ಹೃದಯದ ತೂಕವೂ ಸುಮಾರು ಶೇ. 40ರಷ್ಟು ಹೆಚ್ಚುತ್ತದೆ. ಅರಗಿದ ಮೇಲೆ ಎಲ್ಲವೂ ಮೊದಲಿನ ಗಾತ್ರಕ್ಕೆ ಇಳಿಯುತ್ತವೆ. ಹೊರಗೆ ಶಾಖವಿಲ್ಲದಿದ್ದರೆ ಈ ಯಂತ್ರ ಚಾಲೂ ಆಗುವುದೇ ಇಲ್ಲ, ನುಂಗಿದ ಇಲಿ ಹೊಟ್ಟೆಯೊಳಗೇ ಕೊಳೆಯುತ್ತದೆ. ತಣ್ಣಗಿರುವ ಹಾವು ಆಹಾರದಿಂದ ಮುಖ ತಿರುಗಿಸುವುದು ಹಟವಲ್ಲ, ಜೀವ ಉಳಿಸಿಕೊಳ್ಳುವ ಬಗೆ.

ಬೇಟೆಯನ್ನು ಗುರುತಿಸಲು ಹಾವು ಮುಖ್ಯವಾಗಿ ವಾಸನೆಯನ್ನು ನೆಚ್ಚುತ್ತದೆ. ಹೊರಚಾಚಿದ ಸೀಳುನಾಲಗೆ ಗಾಳಿಯಲ್ಲಿನ ಕಣಗಳನ್ನು ತಂದು ಅಂಗುಳಿನ ಮೇಲಿರುವ ಜೇಕಬ್‌ಸನ್ ಅಂಗಕ್ಕೆ ಒಪ್ಪಿಸುತ್ತದೆ. ಬಾಲ್ ಪೈಥಾನ್‌ನಂಥ ಹೆಬ್ಬಾವುಗಳ ತುಟಿಯಂಚಿನಲ್ಲಿ, ಗುಳಿಮಂಡಲ ಹಾವುಗಳ ಕಣ್ಣು ಮತ್ತು ಮೂಗಿನ ಹೊಳ್ಳೆಯ ನಡುವೆ ಶಾಖ ಗ್ರಹಿಸುವ ಗುಳಿಗಳಿವೆ. ಇಲಿಯ ಆಕಾರವಿದ್ದೂ ಅದರ ವಾಸನೆಯಾಗಲಿ ಬಿಸಿಯಾಗಲಿ ಇಲ್ಲದ ವಸ್ತು ಇಂಥ ಹಾವಿಗೆ ಇಲಿಯೇ ಅಲ್ಲ.

ಭಾಂಡುಪ್: ನೆಲ ಮತ್ತು ಹಾವುಗಳು

ಭಾಂಡುಪ್ ಮಧ್ಯ ರೈಲ್ವೆಯ ಕಾಂಜೂರ್‌ಮಾರ್ಗ್ ಮತ್ತು ನಾಹೂರ್ ನಿಲ್ದಾಣಗಳ ನಡುವಿನ ಊರು; ಬೃಹನ್ಮುಂಬಯಿ ಮಹಾನಗರಪಾಲಿಕೆಯ ‘ಎಸ್’ ವಾರ್ಡಿಗೆ ಸೇರಿದೆ. ಪಶ್ಚಿಮದಲ್ಲಿ ಖಿಂಡಿಪಾಡಾ, ತುಳಶೇತ್‌ಪಾಡಾ ಮೊದಲಾದ ಬಸ್ತಿಗಳು ಗುಡ್ಡ ಹತ್ತಿಕೊಂಡು ಹೋಗಿ ಸುಮಾರು 104 ಚದರ ಕಿ.ಮೀ. ವಿಸ್ತಾರದ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚನ್ನು ಮುಟ್ಟುತ್ತವೆ. ನಗರಕ್ಕೆ ಕುಡಿಯುವ ನೀರು ಶುದ್ಧೀಕರಿಸುವ ಭಾಂಡುಪ್ ಕಾಂಪ್ಲೆಕ್ಸ್ ಇರುವುದೂ, ಅದರ ಬಳಿ 1860ರಲ್ಲಿ ಪೂರ್ಣಗೊಂಡ ವಿಹಾರ್ ಸರೋವರ ಇರುವುದೂ ಇದೇ ಮಗ್ಗುಲಲ್ಲಿ. ಪೂರ್ವಕ್ಕೆ ಹೆದ್ದಾರಿ ದಾಟಿದರೆ ಉಪ್ಪಿನ ಗದ್ದೆ, ಕಾಂಡ್ಲಾ ಕಾಡು, ಠಾಣೆ ಖಾರಿ. ಹೀಗೆ ಒಂದೇ ಉಪನಗರದ ಎರಡು ಬದಿಗೆ ಎರಡು ಬೇರೆ ಹಾವುಲೋಕಗಳಿವೆ.

ಗುಡ್ಡದ ಬದಿಯಲ್ಲಿ ನಾಗರಹಾವು, ಕೇರೆ, ಕೊಳಕುಮಂಡಲ, ಕಟ್ಟುಹಾವು, ಹೆಬ್ಬಾವು, ತೋಳಹಾವು, ಆಭರಣ ಹಾವು ಕಂಡುಬರುತ್ತವೆ. ಚರಂಡಿ, ಹೊಂಡಗಳಲ್ಲಿ ನೀರೊಳ್ಳೆ ಸಾಮಾನ್ಯ. ಖಾರಿಯ ಕೆಸರಿನಲ್ಲಿ ಮೀನು ತಿಂದು ಬದುಕುವ ನಾಯಿಮೂತಿ ನೀರುಹಾವಿದೆ. ಸ್ಥಳೀಯರು ಮರಾಠಿಯಲ್ಲಿ ಕೇರೆಗೆ ಧಾಮಣ್, ಕೊಳಕುಮಂಡಲಕ್ಕೆ ಘೋಣಸ್, ಕಟ್ಟುಹಾವಿಗೆ ಮಣ್ಯಾರ್, ನೀರೊಳ್ಳೆಗೆ ದಿವಡ್ ಎನ್ನುತ್ತಾರೆ. ಮುಂಬಯಿ ಕನ್ನಡಿಗರ ಮನೆಗಳಲ್ಲಿಯೂ ಈ ಹೆಸರುಗಳು ಬಳಕೆಯಲ್ಲಿವೆ. ಹಾವು ಹಿಡಿಯುವವರನ್ನು ಕರೆಸುವಾಗ ಈ ಹೆಸರುಗಳು ನೆರವಾಗುತ್ತವೆ.

ಇವುಗಳ ಆಹಾರ ಒಂದೇ ಅಲ್ಲ ಎಂಬುದು ಪ್ರಸ್ತುತ ವಿಷಯಕ್ಕೆ ಮುಖ್ಯ. ಕೇರೆ ಇಲಿ, ಕಪ್ಪೆ ಎರಡನ್ನೂ ತಿನ್ನುತ್ತದೆ. ನೀರೊಳ್ಳೆಗೆ ಮೀನು, ಕಪ್ಪೆ. ತೋಳಹಾವಿಗೆ ಹಲ್ಲಿ. ಹಸಿರು ಹಾವಿಗೆ ಹಲ್ಲಿ, ಓತಿಕ್ಯಾತ. ಕಟ್ಟುಹಾವಿಗೆ ಬೇರೆ ಹಾವುಗಳೂ ಆಹಾರವೇ. ಬಿಳಿ ಇಲಿಯೊಂದನ್ನೇ ತಂದಿಟ್ಟು ಎಲ್ಲ ಹಾವೂ ತಿನ್ನಬೇಕೆಂದು ಕಾಯುವುದು ವ್ಯರ್ಥ.

ಹಿನ್ನೆಲೆ

ಭಾರತದಲ್ಲಿ ಹಾವನ್ನು ಸೆರೆಯಲ್ಲಿಟ್ಟು ಉಳಿಸಿಕೊಳ್ಳುವ ವಿದ್ಯೆ ಹಾವಾಡಿಗರ ಕುಲಕಸುಬಾಗಿ, ಅನಂತರ ವಿಷ ಸಂಗ್ರಹಿಸುವ ಪ್ರಯೋಗಾಲಯಗಳ ಅಗತ್ಯವಾಗಿ ಬೆಳೆಯಿತು. ಮುಂಬಯಿಯ ಪರೇಲ್‌ನಲ್ಲಿ 1899ರಲ್ಲಿ ಪ್ಲೇಗ್ ಸಂಶೋಧನಾಲಯವಾಗಿ ನೆಲೆಗೊಂಡು 1925ರಲ್ಲಿ ಹಾಫ್ಕಿನ್ ಸಂಸ್ಥೆ ಎಂದು ಹೆಸರು ಪಡೆದ ಕೇಂದ್ರ ಇಂಥದ್ದು. ಹಾವಿನ ವಿಷ ಕುರಿತ ಅಧ್ಯಯನಕ್ಕೆ ಇಲ್ಲಿ ಹಾವುಗಳನ್ನು ಸಾಕಲಾಗುತ್ತಿತ್ತು. ಅಲ್ಲಿ ಕೆಲಸ ಮಾಡಿದ ಪಿ.ಜೆ. ದೇವರಸ್ ಭಾರತದ ಹಾವುಗಳ ಬಗ್ಗೆ ಬರೆದ ಪುಸ್ತಕವನ್ನು ನ್ಯಾಷನಲ್ ಬುಕ್ ಟ್ರಸ್ಟ್ 1965ರಲ್ಲಿ ಪ್ರಕಟಿಸಿತು. ರೋಮುಲಸ್ ವಿಟೇಕರ್ ಸ್ಥಾಪಿಸಿದ ಮದ್ರಾಸಿನ ಹಾವು ಉದ್ಯಾನ 1972ರಲ್ಲಿ ಗಿಂಡಿಯಲ್ಲಿ ನೆಲೆಯೂರಿತು. 1978ರಲ್ಲಿ ಆರಂಭವಾದ ಇರುಳ ಬುಡಕಟ್ಟಿನ ಹಾವು ಹಿಡಿಯುವವರ ಸಹಕಾರ ಸಂಘ ಇನ್ನೊಂದು ದಾರಿ ಹಿಡಿಯಿತು: ಹಾವನ್ನು ಕೆಲವು ವಾರ ಮಾತ್ರ ಮಣ್ಣಿನ ಮಡಕೆಯಲ್ಲಿ ಇರಿಸಿಕೊಂಡು, ವಿಷ ತೆಗೆದು ಮತ್ತೆ ಕಾಡಿಗೆ ಬಿಡುವುದು. ದೀರ್ಘ ಸೆರೆ ಇಲ್ಲವಾದ್ದರಿಂದ ಆಹಾರ ನಿರಾಕರಣೆಯ ಸಮಸ್ಯೆ ಅಲ್ಲಿ ಬಹುಮಟ್ಟಿಗೆ ತಪ್ಪುತ್ತದೆ.

ಕರ್ನಾಟಕದಲ್ಲಿ ಈ ವಿಷಯದ ಅತಿ ಕಠಿಣ ಉದಾಹರಣೆ ಕಾಳಿಂಗ ಸರ್ಪ. ಅದರ ಸಹಜ ಆಹಾರ ಬೇರೆ ಹಾವುಗಳು, ಮುಖ್ಯವಾಗಿ ಕೇರೆ, ಜೊತೆಗೆ ಉಡ. ಸೆರೆಯಲ್ಲಿ ಅದಕ್ಕೆ ನಿಯತವಾಗಿ ಹಾವು ಒದಗಿಸುವುದು ಸಾಧ್ಯವೂ ಅಲ್ಲ, ಕಾನೂನುಬದ್ಧವೂ ಅಲ್ಲ. ಸತ್ತ ಇಲಿಗೆ ಹಾವಿನ ಪೊರೆ ಅಥವಾ ಚರ್ಮ ಉಜ್ಜಿ ವಾಸನೆ ಬದಲಿಸಿ ನಿಧಾನವಾಗಿ ಇಲಿಗೆ ಒಗ್ಗಿಸುವ ತಂತ್ರವನ್ನು ಜಗತ್ತಿನ ಹಲವು ಮೃಗಾಲಯಗಳು ಬಳಸಿವೆ. ಮಂಗಳೂರಿನ ಪಿಲಿಕುಳ ಜೈವಿಕ ಉದ್ಯಾನದಲ್ಲಿ ಕಾಳಿಂಗ ಸರ್ಪದ ಸಂತಾನಾಭಿವೃದ್ಧಿಯೇ ನಡೆದಿದೆ. ವಿಟೇಕರ್ 2005ರಲ್ಲಿ ಸ್ಥಾಪಿಸಿದ ಆಗುಂಬೆ ಮಳೆಕಾಡು ಸಂಶೋಧನಾ ಕೇಂದ್ರ ಇದೇ ಹಾವನ್ನು ಸೆರೆಯಲ್ಲಿ ಇರಿಸಿಕೊಳ್ಳದೆ, ಅದರ ಕಾಡಿನಲ್ಲೇ ರೇಡಿಯೋ ಉಪಕರಣದ ಮೂಲಕ ಹಿಂಬಾಲಿಸಿ ಅಭ್ಯಸಿಸಿದೆ.

ಸಾಕುಪ್ರಾಣಿಯಾಗಿ ಹಾವು ಎಂಬ ಹವ್ಯಾಸ ಭಾರತದ ನಗರಗಳಿಗೆ ಬಂದದ್ದು ಇದೆಲ್ಲಕ್ಕಿಂತ ಈಚೆಗೆ. ಮುಂಬಯಿಯಲ್ಲಿ ಹೆಚ್ಚಾಗಿ ಹೆಸರು ಕೇಳಿಬರುವ ಎರಡು ಜಾತಿಗಳೆಂದರೆ ಪಶ್ಚಿಮ ಮತ್ತು ಮಧ್ಯ ಆಫ್ರಿಕಾ ಮೂಲದ ಬಾಲ್ ಪೈಥಾನ್, ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ಭಾಗದ ಕಾರ್ನ್ ಸ್ನೇಕ್. ಎರಡೂ ವಿಷರಹಿತ. ಮೊದಲನೆಯದು ಊಟ ಬಿಡುವುದಕ್ಕೇ ಹೆಸರಾದ ಹಾವು. ಎರಡನೆಯದರಲ್ಲಿ ತೊಂದರೆ ಕಾಣುವುದು ಹೆಚ್ಚಾಗಿ ಆಗತಾನೆ ಮೊಟ್ಟೆಯೊಡೆದ ಮರಿಗಳಲ್ಲಿ.

ಸಹಜ ಉಪವಾಸ

ನಿರಾಕರಣೆ ಎಂದು ತೀರ್ಮಾನಿಸುವ ಮೊದಲು ನಾಲ್ಕು ಸ್ಥಿತಿಗಳನ್ನು ಪರಿಶೀಲಿಸಬೇಕು. ಪೊರೆ ಬಿಡುವ ಮುನ್ನ ಹಾವಿನ ಮೈಬಣ್ಣ ಮಂಕಾಗಿ, ಕಣ್ಣಿನ ಮೇಲೆ ಹಾಲುಬೆರೆತ ನೀಲಿ ಮುಸುಕು ಕಟ್ಟುತ್ತದೆ. ಆಗ ದೃಷ್ಟಿ ಮಂಕಾಗಿರುವುದರಿಂದ ಒಂದೆರಡು ವಾರ ಅದು ಬೇಟೆಗೆ ಹೋಗದು. ಮೊಟ್ಟೆಯೊಡೆದ ಮರಿ ಹೊಟ್ಟೆಯೊಳಗಿನ ಹಳದಿಯ ಸಾರದಿಂದ ಬದುಕುತ್ತಾ, ಸಾಮಾನ್ಯವಾಗಿ ಏಳರಿಂದ ಹತ್ತು ದಿನಕ್ಕೆ ಮೊದಲ ಪೊರೆ ಕಳಚಿದ ಮೇಲಷ್ಟೇ ಆಹಾರ ಹುಡುಕುತ್ತದೆ. ಬೆಳೆದ ಗಂಡು ಬಾಲ್ ಪೈಥಾನ್ ಚಳಿಗಾಲದ ಕೂಡುವಿಕೆಯ ತಿಂಗಳುಗಳಲ್ಲಿ ಊಟ ಮರೆಯುತ್ತದೆ. ಗರ್ಭ ಧರಿಸಿದ ಹೆಣ್ಣು, ಮೊಟ್ಟೆಗಳನ್ನು ಸುತ್ತಿಕೊಂಡು ಕಾವು ಕೊಡುವ ಹೆಣ್ಣು ಸಹ ತಿನ್ನುವುದಿಲ್ಲ.

ಈ ಉಪವಾಸದಲ್ಲಿ ಹಾವಿನ ತೂಕ ಅಷ್ಟಾಗಿ ಇಳಿಯುವುದಿಲ್ಲ, ಮೈ ಗಟ್ಟಿಯಾಗಿರುತ್ತದೆ, ನಾಲಗೆ ಚುರುಕಾಗಿ ಆಡುತ್ತದೆ. ವಾರಕ್ಕೊಮ್ಮೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಮುಚ್ಚಿದ ಡಬ್ಬದಲ್ಲಿಟ್ಟು ತೂಗಿ ಬರೆದಿಡುವುದು ಅತ್ಯಂತ ವಿಶ್ವಾಸಾರ್ಹ ಅಳತೆ. ಬೆಳೆದ ಹಾವು ತನ್ನ ತೂಕದ ಶೇ. 10ರಷ್ಟು ಕಳೆದುಕೊಂಡರೆ ಸಹಜ ಉಪವಾಸದ ಮಾತು ಬಿಟ್ಟು ವೈದ್ಯರನ್ನು ಕಾಣಬೇಕು. ಮರಿಗಳಿಗೆ ಅಷ್ಟು ಕಾಯುವ ಶಕ್ತಿ ಇಲ್ಲ.

ನಿರಾಕರಣೆಯ ಕಾರಣಗಳು

ಆವಾಸ. ಬಾಲ್ ಪೈಥಾನ್‌ಗೆ ಪೆಟ್ಟಿಗೆಯ ಬಿಸಿ ತುದಿಯಲ್ಲಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ತಂಪು ತುದಿಯಲ್ಲಿ 25ರಿಂದ 27 ಡಿಗ್ರಿ ಇರಬೇಕು. ಕಾರ್ನ್ ಸ್ನೇಕ್‌ಗೆ ಬಿಸಿ ತುದಿ 28ರಿಂದ 30, ತಂಪು ತುದಿ 22ರಿಂದ 24 ಡಿಗ್ರಿ ಸಾಕು. ಎರಡು ತುದಿಗಳ ನಡುವಿನ ಈ ಇಳಿಜಾರೇ ಮುಖ್ಯ, ಏಕೆಂದರೆ ಹಾವು ತನಗೆ ಬೇಕಾದ ಶಾಖವನ್ನು ಸರಿದಾಡಿ ಆರಿಸಿಕೊಳ್ಳುತ್ತದೆ. ಮುಂಬಯಿಯ ಜನವರಿಯಲ್ಲಿ ರಾತ್ರಿಯ ಉಷ್ಣತೆ 16–17 ಡಿಗ್ರಿಗೆ ಇಳಿಯುವುದು ಸಾಮಾನ್ಯ. ಹೀಟ್ ಪ್ಯಾಡ್ ಇಲ್ಲದ ಪೆಟ್ಟಿಗೆಯಲ್ಲಿ ಬಾಲ್ ಪೈಥಾನ್ ಆಗ ಊಟ ಬಿಡುವುದು ಖಚಿತ. ಏಪ್ರಿಲ್, ಮೇ ತಿಂಗಳಲ್ಲಿ ಇದಕ್ಕೆ ವಿರುದ್ಧ. ಮೇಲಿನ ಮಹಡಿಯ, ತಗಡು ಚಾವಣಿಯ ಕೋಣೆಗಳಲ್ಲಿ ತಂಪು ತುದಿಯೇ ಉಳಿಯದೆ ಕಾರ್ನ್ ಸ್ನೇಕ್ ಬಳಲುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದ ತೇವ ಬಾಲ್ ಪೈಥಾನ್‌ಗೆ ಪೊರೆ ಬಿಡಲು ಅನುಕೂಲವೇ. ಆದರೆ ಗಾಳಿಯಾಡದ ಪೆಟ್ಟಿಗೆಯಲ್ಲಿ ಅದೇ ತೇವ ಬೂಷ್ಟನ್ನೂ ಹೊಟ್ಟೆಯಡಿಯ ಚರ್ಮದ ಹುಣ್ಣನ್ನೂ ತರುತ್ತದೆ. ಹೀಟ್ ಪ್ಯಾಡನ್ನು ಥರ್ಮೋಸ್ಟ್ಯಾಟ್ ಇಲ್ಲದೆ ಬಳಸಿದರೆ ಹಾವಿನ ಹೊಟ್ಟೆ ಸುಡುತ್ತದೆ. ಸುಟ್ಟ ಹಾವು ಖಂಡಿತ ತಿನ್ನುವುದಿಲ್ಲ.

ಅಡಗುತಾಣ ಇಲ್ಲದಿರುವುದು ಅಷ್ಟೇ ದೊಡ್ಡ ಕಾರಣ. ಬಾಲ್ ಪೈಥಾನ್ ಕಾಡಿನಲ್ಲಿ ಇಲಿಬಿಲ, ಗೆದ್ದಲುಹುತ್ತಗಳಲ್ಲಿ ಹಗಲು ಕಳೆಯುವ ಹಾವು. ನಾಲ್ಕೂ ಬದಿ ಗಾಜಿರುವ ದೊಡ್ಡ ಪೆಟ್ಟಿಗೆಯಲ್ಲಿ ಟಿವಿ ಎದುರಿಗೆ ಇಟ್ಟರೆ ಅದು ಬೇಟೆಗಾರನಂತೆ ವರ್ತಿಸುವುದಿಲ್ಲ, ಬೇಟೆಯಂತೆ ಮುದುಡುತ್ತದೆ. ಮೈಯನ್ನು ಮೂರು ಕಡೆಯಿಂದ ತಾಕುವಷ್ಟು ಬಿಗಿಯಾದ ಒಂದು ಅಡಗುತಾಣ ಬಿಸಿ ತುದಿಯಲ್ಲಿ, ಇನ್ನೊಂದು ತಂಪು ತುದಿಯಲ್ಲಿ ಇರಬೇಕು. ಮಗುಚಿದ ಮಣ್ಣಿನ ಕುಂಡಕ್ಕೆ ಬಾಗಿಲು ಕೊರೆದರೂ ಸಾಕು. ದಿನವೂ ಕೈಗೆತ್ತಿಕೊಳ್ಳುವುದು, ನೆಂಟರಿಗೆ ತೋರಿಸುವುದು, ಎರಡು ಹಾವುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಇಡುವುದು ಊಟ ತಪ್ಪಿಸುವ ಪದ್ಧತಿಗಳು.

ಆಹಾರ. ತೀರ ದೊಡ್ಡ ಬೇಟೆ, ತಣ್ಣಗಿನ ಬೇಟೆ, ಅಪರಿಚಿತ ಬೇಟೆ ಈ ಮೂರೂ ತಿರಸ್ಕೃತವಾಗುತ್ತವೆ. ಹಾವಿನ ಮೈಯ ಅತಿ ದಪ್ಪ ಭಾಗಕ್ಕಿಂತ ಬೇಟೆ ದಪ್ಪವಿರಬಾರದು. ಕಾಡಿನಿಂದ ಹಿಡಿದು ತಂದ ಹಾವು ಪ್ರಯೋಗಾಲಯದ ಬಿಳಿ ಇಲಿಯನ್ನು ಆಹಾರವೆಂದೇ ಗುರುತಿಸದಿರಬಹುದು. ಕಾರ್ನ್ ಸ್ನೇಕ್ ಮರಿಗಳಲ್ಲಿ ಕೆಲವಕ್ಕೆ ಹುಟ್ಟಿನಿಂದಲೇ ಹಲ್ಲಿಯ ಕಡೆ ಒಲವು; ಪಿಂಕಿಯನ್ನು ಮೂಸಿಯೂ ನೋಡುವುದಿಲ್ಲ.

ರೋಗ. ಬಾಯಿಹುಣ್ಣು, ಶ್ವಾಸಕೋಶದ ಸೋಂಕು, ಹಾವುನುಸಿ, ಕರುಳಿನ ಹುಳು, ಮಲಬದ್ಧತೆ, ಕಣ್ಣಿನ ಮೇಲೆ ಕಳಚದೆ ಉಳಿದ ಪೊರೆ, ಹೆಣ್ಣಿನಲ್ಲಿ ಮೊಟ್ಟೆ ಸಿಕ್ಕಿಕೊಳ್ಳುವುದು ಸಾಮಾನ್ಯ ಕಾರಣಗಳು. ಕ್ರಿಪ್ಟೋಸ್ಪೊರಿಡಿಯಂ ಎಂಬ ಏಕಾಣುಜೀವಿಯ ಸೋಂಕಿನಲ್ಲಿ ಜಠರದ ಗೋಡೆ ದಪ್ಪವಾಗಿ, ಹಾವಿನ ನಡುಮೈ ಉಬ್ಬಿ, ನುಂಗಿದ್ದೆಲ್ಲ ಹೊರಬರುತ್ತದೆ. ಹೆಬ್ಬಾವು ಮತ್ತು ಬೋವಾ ಕುಲಗಳಲ್ಲಿ ವೈರಸ್‌ನಿಂದ ಬರುವ ಇನ್‌ಕ್ಲೂಷನ್ ಬಾಡಿ ರೋಗಕ್ಕೆ ಚಿಕಿತ್ಸೆ ಇಲ್ಲ. ಕಕ್ಕುವುದು, ತಲೆ ಎತ್ತಿ ನಕ್ಷತ್ರ ನೋಡುವಂತೆ ತಿರುಚುವುದು ಅದರ ಚಿಹ್ನೆ. ಬಾಯಿ ತೆರೆದು ಉಸಿರಾಡುವ, ಮೂಗಿನಲ್ಲಿ ಗುಳ್ಳೆ ಬರುವ, ಬಾಯಲ್ಲಿ ಲೋಳೆ ನೂಲಿನಂತೆ ಎಳೆಯುವ ಹಾವಿಗೆ ಆಹಾರ ಒಡ್ಡುವುದನ್ನು ನಿಲ್ಲಿಸಿ ಚಿಕಿತ್ಸೆ ಕೊಡಿಸಬೇಕು.

ಆಹಾರ ಒಡ್ಡುವ ಕ್ರಮ

ಮೊದಲ ಹೆಜ್ಜೆ ಏನೂ ಮಾಡದಿರುವುದು. ಹೊಸದಾಗಿ ತಂದ ಹಾವನ್ನು ಒಂದು ವಾರ ಮುಟ್ಟದೆ, ಆಹಾರವನ್ನೂ ಕೊಡದೆ, ನೀರು ಮಾತ್ರ ಇಟ್ಟು ಬಿಡಬೇಕು. ಬಿಸಿ ತುದಿಯ ಶಾಖವನ್ನು ಥರ್ಮಾಮೀಟರಿನಿಂದ ಅಳೆಯಬೇಕು, ಅಂಗೈ ಅಂದಾಜು ನಂಬುವಂತಿಲ್ಲ. ಪೆಟ್ಟಿಗೆಯ ಮೂರು ಬದಿಗೆ ಕಾಗದ ಹೊದಿಸಬೇಕು. ಬಹಳಷ್ಟು ‘ಹಟಮಾರಿ’ ಹಾವುಗಳು ಇಷ್ಟಕ್ಕೇ ತಿನ್ನತೊಡಗುತ್ತವೆ. ಸಾಕುವವರು ಬೇಗ ದಾಟಿ ಹೋಗುವ ಹೆಜ್ಜೆಯೂ ಇದೇ.

ಬೇಟೆಯಾಗಿ ಕೊಂದು ಹೆಪ್ಪುಗಟ್ಟಿಸಿದ ಇಲಿಯನ್ನು ಬಳಸುವುದು ಸರಿಯಾದ ಪದ್ಧತಿ. ಜೀವಂತ ಇಲಿಯನ್ನು ಪೆಟ್ಟಿಗೆಯಲ್ಲಿ ಬಿಟ್ಟರೆ ಹಸಿದ ಇಲಿಯೇ ನಿಶ್ಚಲವಾಗಿ ಕೂತ ಹಾವಿನ ಬೆನ್ನು ಕಡಿದು ಎಲುಬು ಕಾಣುವಷ್ಟು ಗಾಯ ಮಾಡುತ್ತದೆ. ಇಲಿಗೂ ಅದು ಕ್ರೂರ. ಹೆಪ್ಪುಗಟ್ಟಿದ ಇಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ರಾತ್ರಿಯಿಡೀ ಫ್ರಿಜ್ಜಿನ ಕೆಳಭಾಗದಲ್ಲಿ ಕರಗಲು ಬಿಟ್ಟು, ಕೊಡುವ ಮುನ್ನ ಅದೇ ಚೀಲವನ್ನು ಬಿಸಿನೀರಿನಲ್ಲಿ ಅದ್ದಿ ಇಲಿಯ ಮೈ 38ರಿಂದ 40 ಡಿಗ್ರಿಗೆ ತರಬೇಕು. ಮೈಕ್ರೋವೇವ್ ಬಳಸಿದರೆ ಹೊರಗೆ ಬೆಂದು ಒಳಗೆ ತಣ್ಣಗಿರುತ್ತದೆ, ಹೊಟ್ಟೆ ಒಡೆಯುವುದೂ ಉಂಟು. ಕೊನೆಗೆ ತಲೆಯನ್ನಷ್ಟೇ ಇನ್ನೊಮ್ಮೆ ಬಿಸಿಮಾಡಿದರೆ ಶಾಖಗುಳಿಗಳಿರುವ ಹಾವು ತಲೆಯ ಕಡೆಯಿಂದಲೇ ಹಿಡಿಯುತ್ತದೆ.

ಹೊತ್ತು ಮುಳುಗಿದ ಮೇಲೆ, ದೀಪ ಮಂಕಾಗಿಸಿ, ಉದ್ದ ಚಿಮಟದಲ್ಲಿ ಇಲಿಯ ಸೊಂಟ ಹಿಡಿದು ಅಡಗುತಾಣದ ಬಾಯಿಯ ಮುಂದೆ ಅಡ್ಡಡ್ಡ ಸರಿಸಬೇಕು. ಮೂತಿಗೆ ನೇರವಾಗಿ ಚುಚ್ಚುವಂತೆ ತಂದರೆ ಹಾವು ಹೆದರಿ ಹಿಂದೆ ಸರಿಯುತ್ತದೆ. ನಾಲಗೆ ನಿಧಾನವಾಗಿ, ಉದ್ದಕ್ಕೆ ಹೊರಬರತೊಡಗಿ, ಕುತ್ತಿಗೆ ಇಂಗ್ಲಿಷಿನ ಎಸ್ ಅಕ್ಷರದಂತೆ ಮಡಿಸಿದರೆ ಅದು ಗುರಿ ಹಿಡಿದಿದೆ ಎಂದು ಅರ್ಥ. ಆಗ ಕೈ ಅಲುಗಬಾರದು. ಹಿಡಿದು ಸುತ್ತಿಕೊಂಡ ಕೂಡಲೇ ಚಿಮಟ ಬಿಟ್ಟು, ಬಾಗಿಲು ಮುಚ್ಚಿ, ಕೋಣೆಯಿಂದ ಹೊರಗೆ ಹೋಗಬೇಕು. ನೋಡುತ್ತಾ ನಿಂತರೆ ಅರ್ಧ ನುಂಗಿದ್ದನ್ನೂ ಬಿಟ್ಟುಬಿಡುವ ಹಾವುಗಳಿವೆ. ಹದಿನೈದು ನಿಮಿಷ ಪ್ರಯತ್ನಿಸಿಯೂ ಹಿಡಿಯದಿದ್ದರೆ ಇಲಿಯನ್ನು ಅಡಗುತಾಣದ ಬಳಿ ಇಟ್ಟು ರಾತ್ರಿ ಬಿಡಬಹುದು. ಬೆಳಿಗ್ಗೆ ಉಳಿದಿದ್ದರೆ ಎಸೆಯಬೇಕು, ಮತ್ತೆ ಹೆಪ್ಪುಗಟ್ಟಿಸಬಾರದು. ಮುಂದಿನ ಪ್ರಯತ್ನ ಒಂದು ವಾರದ ನಂತರ. ದಿನವೂ ಒಡ್ಡಿದರೆ ಇಲಿಯ ವಾಸನೆಗೂ ಭಯಕ್ಕೂ ನಂಟು ಬೆಳೆಯುತ್ತದೆ.

ಇದೂ ಫಲಿಸದಿದ್ದರೆ ವಾಸನೆ ಬದಲಿಸುವ ತಂತ್ರಗಳಿವೆ. ಪಿಂಕಿಯನ್ನು ಸೋಪಿಲ್ಲದ ನೀರಿನಲ್ಲಿ ತೊಳೆದು ಒರೆಸುವುದು. ಕೋಳಿಮರಿಯ ಪುಕ್ಕ ಉಜ್ಜುವುದು. ಸತ್ತ ಪಿಂಕಿಯ ನೆತ್ತಿಯನ್ನು ಸೂಜಿಯಿಂದ ಚುಚ್ಚಿ ಮೆದುಳಿನ ವಾಸನೆ ಹೊರಬರುವಂತೆ ಮಾಡುವುದು. ಕೊನೆಯದು ಕೇಳಲು ಅಹಿತವಾದರೂ ಮೊದಲ ಊಟ ಹಿಡಿಯದ ಮರಿಗಳಲ್ಲಿ ಬಹಳ ಪರಿಣಾಮಕಾರಿ. ಮರಿಯನ್ನು ಪಿಂಕಿಯೊಂದಿಗೆ ಗಾಳಿತೂತುಗಳಿರುವ ಪುಟ್ಟ ಡಬ್ಬದಲ್ಲಿ ರಾತ್ರಿಯಿಡೀ ಕತ್ತಲಲ್ಲಿ ಇಡುವುದು ಇನ್ನೊಂದು ಉಪಾಯ. ಹೀಗೆ ಒಮ್ಮೆ ತಿಂದ ಹಾವು ಮುಂದೆ ಬೆರಕೆ ವಾಸನೆ ಇಲ್ಲದೆಯೂ ತಿನ್ನಲು ಕಲಿಯುತ್ತದೆ. ವಾಸನೆಯನ್ನು ಸರದಿಯಿಂದ ಸರದಿಗೆ ಕಡಿಮೆ ಮಾಡುತ್ತ ಬರಬೇಕು. ಮನೆಯ ಹಲ್ಲಿಯನ್ನು ಹಿಡಿದು ತಿನ್ನಿಸುವುದು ಸುಲಭವೆನಿಸಿದರೂ ಹುಳುಗಳ ಸೋಂಕು ತರುತ್ತದೆ.

ತಿಂದ ಮೇಲೆ ಎರಡು ದಿನ ಹಾವನ್ನು ಮುಟ್ಟಬಾರದು. ಕಕ್ಕಿದರೆ ಹತ್ತರಿಂದ ಹದಿನಾಲ್ಕು ದಿನ ಬಿಟ್ಟು, ಮೊದಲಿನದರ ಅರ್ಧ ಗಾತ್ರದ ಬೇಟೆಯಿಂದ ಪುನಃ ಶುರುಮಾಡಬೇಕು. ಮರಿಗೆ ಐದರಿಂದ ಏಳು ದಿನಕ್ಕೊಮ್ಮೆ, ಬೆಳೆದ ಕಾರ್ನ್ ಸ್ನೇಕ್‌ಗೆ ಹತ್ತರಿಂದ ಹದಿನಾಲ್ಕು ದಿನಕ್ಕೊಮ್ಮೆ, ಬೆಳೆದ ಬಾಲ್ ಪೈಥಾನ್‌ಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಊಟ ಸಾಕು. ಪದೇ ಪದೇ ಒಡ್ಡಿ ‘ತಿನ್ನುತ್ತಿಲ್ಲ’ ಎಂದು ಗಾಬರಿಯಾಗುವವರ ಹಾವಿಗೆ ಎಷ್ಟೋ ವೇಳೆ ಹಸಿವೇ ಆಗಿರುವುದಿಲ್ಲ.

ಮೀನು ತಿನ್ನುವ ಹಾವುಗಳದು ಬೇರೆ ಲೆಕ್ಕ. ಕೆಲವು ಮೀನುಗಳಲ್ಲಿ ಥಯಾಮಿನ್ ಅನ್ನಾಂಗವನ್ನು ಒಡೆಯುವ ಕಿಣ್ವವಿದ್ದು, ಹೆಪ್ಪುಗಟ್ಟಿಸಿದರೂ ಅದು ನಾಶವಾಗುವುದಿಲ್ಲ. ಬರೀ ಅಂಥ ಮೀನನ್ನೇ ತಿಂದ ಹಾವಿಗೆ ಸೆಳೆತ ಬರುತ್ತದೆ. ಮೀನನ್ನು 80 ಡಿಗ್ರಿಯ ನೀರಿನಲ್ಲಿ ಐದು ನಿಮಿಷ ಇಟ್ಟರೆ ಆ ಕಿಣ್ವ ನಾಶವಾಗುತ್ತದೆ.

ಬಲವಂತದ ಉಣಿಸುವಿಕೆ

ಇದು ಪಶುವೈದ್ಯರ ಕೈಯ ಕೆಲಸ, ಕೊನೆಯ ಉಪಾಯ. ಹಾವಿನ ಉಸಿರುದ್ವಾರ ಕೆಳದವಡೆಯ ನೆಲದ ಮೇಲೆ ಮುಂದಕ್ಕೇ ತೆರೆದಿರುತ್ತದೆ. ನಳಿಕೆ ಅದರೊಳಗೆ ಹೋದರೆ ದ್ರವಾಹಾರ ಶ್ವಾಸಕೋಶಕ್ಕೆ ಇಳಿದು ಹಾವು ಸಾಯುತ್ತದೆ. ವೈದ್ಯರು ನಳಿಕೆಗೆ ಜಾರುವ ಜೆಲ್ ಸವರಿ, ಉಸಿರುದ್ವಾರವನ್ನು ಕಣ್ಣಿಂದ ಗುರುತಿಸಿ, ಅದರ ಹಿಂಬದಿಯಿಂದ ಅನ್ನನಾಳಕ್ಕೆ ಇಳಿಸುತ್ತಾರೆ. ಬಹುಕಾಲ ಹಸಿದ ಹಾವಿಗೆ ಮೊದಲು ನೀರಿನಂಶ ತುಂಬಿಸಿ, ಆಮೇಲೆ ಸಣ್ಣ ಪ್ರಮಾಣದಲ್ಲಿ ಆಹಾರ ಕೊಡುವುದು ಕ್ರಮ. ಒಮ್ಮೆಲೇ ಹೊಟ್ಟೆತುಂಬ ಕೊಟ್ಟರೆ ರಕ್ತದ ಪೊಟ್ಯಾಸಿಯಂ, ಫಾಸ್ಫರಸ್ ಹಠಾತ್ತನೆ ಕುಸಿದು ಪ್ರಾಣಕ್ಕೇ ಅಪಾಯ. ಒತ್ತಾಯದ ಹಿಡಿತದಿಂದ ಹಲ್ಲು ಮುರಿಯುವುದು, ಅನ್ನನಾಳ ಹರಿಯುವುದು ಉಂಟು, ಮತ್ತು ಅದರ ಹೆದರಿಕೆ ಮುಂದಿನ ಊಟವನ್ನೂ ತಪ್ಪಿಸುತ್ತದೆ.

ಇಮ್ಮಂಡೆ ಅಥವಾ ಎರಡು ತಲೆ ಹಾವು, ಮರಾಠಿಯಲ್ಲಿ ಮಾಂಡೂಳ್, ಈ ಸಂದರ್ಭದಲ್ಲಿ ಪ್ರತ್ಯೇಕವಾಗಿ ಹೇಳಬೇಕಾದ ಹಾವು. ಅದೃಷ್ಟ ತರುತ್ತದೆಂಬ ಮೂಢನಂಬಿಕೆಯಿಂದ ಮಹಾರಾಷ್ಟ್ರ, ಕರ್ನಾಟಕ ಎರಡೂ ಕಡೆ ಇದರ ಕಳ್ಳವ್ಯಾಪಾರ ನಡೆಯುತ್ತದೆ. ತೂಕ ಹೆಚ್ಚಿದಷ್ಟೂ ಬೆಲೆ ಹೆಚ್ಚು ಎಂಬ ಎಣಿಕೆ ಇರುವುದರಿಂದ ಬಲವಂತದ ಉಣಿಸುವಿಕೆಗೆ ಇಲ್ಲಿ ಲಾಭದ ಆಮಿಷವೂ ಸೇರಿಕೊಳ್ಳುತ್ತದೆ.

ಹಾಲು

ಹಾಲು ಯಾವ ಹಾವಿಗೂ ಆಹಾರವಲ್ಲ. ಹಾವು ಮರಿಗೆ ಹಾಲೂಡಿಸುವ ಪ್ರಾಣಿಯಲ್ಲ, ಹಾಲನ್ನು ಅರಗಿಸುವ ವ್ಯವಸ್ಥೆ ಅದರ ಹೊಟ್ಟೆಯಲ್ಲಿಲ್ಲ. ನಾಗರಪಂಚಮಿಯಂದು ಹಾವಾಡಿಗರ ಬುಟ್ಟಿಯ ನಾಗರಹಾವು ಹಾಲು ಕುಡಿದಂತೆ ಕಾಣುವುದಕ್ಕೆ ಕಾರಣ ದಿನಗಟ್ಟಲೆಯ ಬಾಯಾರಿಕೆ; ಆ ಸ್ಥಿತಿಯಲ್ಲಿ ಯಾವ ದ್ರವ ಕೊಟ್ಟರೂ ಅದು ಕುಡಿಯುತ್ತದೆ. ಹಾಲು ಶ್ವಾಸಕೋಶಕ್ಕೆ ಹೋಗಿ ಸೋಂಕಾಗುತ್ತದೆ. ವಿಷದ ಹಲ್ಲು ಕಿತ್ತು, ಬಾಯಿ ಹೊಲಿದ ಹಾವುಗಳಿಗೆ ಹುಣ್ಣಾಗಿ, ಬಿಡಿಸಿ ತಂದ ಮೇಲೂ ಅವು ತಿನ್ನಲಾರವು. ಪ್ರಾಣಿಕಲ್ಯಾಣ ಸಂಸ್ಥೆಗಳ ಆರೈಕೆಗೆ ಬರುವ ಹಾವುಗಳಲ್ಲಿ ಅತ್ಯಂತ ಕರುಣಾಜನಕ ಸ್ಥಿತಿ ಇವುಗಳದು.

ಮುಂಬಯಿಯಲ್ಲಿ ನೆಲೆಸಿದ ತುಳುನಾಡಿನ ಕುಟುಂಬಗಳ ನಾಗಾರಾಧನೆ ಇದಕ್ಕಿಂತ ಭಿನ್ನ. ನಾಗಬನದಲ್ಲಿ ಹಾಲೆರೆಯುವುದು ನಾಗನ ಕಲ್ಲಿಗೆ. ಜೀವಂತ ಹಾವನ್ನು ಹಿಡಿದು ತರುವ ಪ್ರಶ್ನೆಯೇ ಆ ಆಚರಣೆಯಲ್ಲಿ ಇಲ್ಲ. ಬನವನ್ನು ಕಡಿಯದೆ ಉಳಿಸುವ ಆ ನಿಯಮ ಹಾವಿಗೆ ನಿಜವಾದ ಆಹಾರವನ್ನೂ ಆಸರೆಯನ್ನೂ ಕೊಟ್ಟಿದೆ.

ಕಾನೂನು

ವನ್ಯಜೀವಿ ಸಂರಕ್ಷಣಾ ಅಧಿನಿಯಮ 1972ರ ಅನುಸೂಚಿಗಳಲ್ಲಿರುವ ಹಾವುಗಳನ್ನು ಹಿಡಿಯುವುದು, ಸಾಕುವುದು, ಮಾರುವುದು ಅಪರಾಧ. ನಾಗರ, ಕೇರೆ, ಹೆಬ್ಬಾವು, ಇಮ್ಮಂಡೆ ಎಲ್ಲಕ್ಕೂ ಈ ರಕ್ಷಣೆಯಿದೆ. ಆದುದರಿಂದ ಭಾಂಡುಪ್‌ನ ಗುಡ್ಡದಿಂದ ಮನೆಗೆ ಬಂದ ಕೇರೆಮರಿಯನ್ನು ಡಬ್ಬದಲ್ಲಿಟ್ಟುಕೊಂಡು ತಿನ್ನಿಸಲು ಹೆಣಗುವುದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ. ಮಹಾರಾಷ್ಟ್ರ ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ತಿಳಿಸಿದರೆ ಹಾವನ್ನು ಒಯ್ಯುವ ವ್ಯವಸ್ಥೆ ಆಗುತ್ತದೆ. ಗಾಯವಿಲ್ಲದ ಹಾವನ್ನು ಸಮೀಪದ ಸೂಕ್ತ ನೆಲೆಯಲ್ಲಿ ಬೇಗ ಬಿಡುವುದೇ ಅದರ ನಿರಾಕರಣೆಗೆ ಮದ್ದು.

ವಿದೇಶಿ ಹಾವುಗಳ ಸ್ಥಿತಿ ಬೇರೆ. ಇದೇ ಅಧಿನಿಯಮದ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಕುರಿತ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳನ್ನು ನಾಲ್ಕನೆಯ ಅನುಸೂಚಿಗೆ ಸೇರಿಸಿತು. ಬಾಲ್ ಪೈಥಾನ್ ಸೈಟಿಸ್‌ನ ಎರಡನೆಯ ಅನುಬಂಧದಲ್ಲಿದೆ. ಕಾರ್ನ್ ಸ್ನೇಕ್ ಆ ಪಟ್ಟಿಯಲ್ಲಿಲ್ಲ. 2024ರ ಫೆಬ್ರುವರಿಯಲ್ಲಿ ಹೊರಬಿದ್ದ ನಿಯಮಗಳ ಪ್ರಕಾರ ಪಟ್ಟಿಯಲ್ಲಿರುವ ಜೀವಂತ ಪ್ರಾಣಿಯನ್ನು ಇಟ್ಟುಕೊಂಡವರು ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಹೊಸದಾಗಿ ಪಡೆದರೆ 30 ದಿನಗಳೊಳಗೆ ವರದಿ ಮಾಡಬೇಕು. ಹುಟ್ಟು, ಸಾವುಗಳನ್ನೂ ತಿಳಿಸಬೇಕು.

ಇಂದಿನ ಸ್ಥಿತಿ

ತಿದ್ದುಪಡಿ ಜಾರಿಗೆ ಬಂದ ಮೇಲೂ ಕಳ್ಳಸಾಗಣೆ ನಿಂತಿಲ್ಲ. 2023ರ ಡಿಸೆಂಬರ್‌ನಲ್ಲಿ ಬ್ಯಾಂಕಾಕ್‌ನಿಂದ ಮುಂಬಯಿ ವಿಮಾನ ನಿಲ್ದಾಣಕ್ಕೆ ಬಂದ ಪ್ರಯಾಣಿಕನೊಬ್ಬನ ಸಾಮಾನಿನಲ್ಲಿ, ಬಿಸ್ಕತ್ತು ಮತ್ತು ಕೇಕ್ ಪೊಟ್ಟಣಗಳೊಳಗೆ ಅಡಗಿಸಿದ್ದ 9 ಬಾಲ್ ಪೈಥಾನ್, 2 ಕಾರ್ನ್ ಸ್ನೇಕ್‌ಗಳನ್ನು ಕಂದಾಯ ಗುಪ್ತಚರ ನಿರ್ದೇಶನಾಲಯ ವಶಪಡಿಸಿಕೊಂಡಿತು. ಹೀಗೆ ನೀರು, ಗಾಳಿ, ಶಾಖವಿಲ್ಲದೆ ಗಂಟೆಗಟ್ಟಲೆ ಸಾಗಿ ಬಂದ ಹಾವು ಯಾರ ಕೈ ಸೇರಿದರೂ ಮೊದಲು ಮಾಡುವುದು ಊಟ ಬಿಡುವುದನ್ನೇ. ಅಗ್ಗಕ್ಕೆ ಸಿಕ್ಕಿತೆಂದು, ಮೂಲ ದಾಖಲೆ ಕೇಳದೆ ಕೊಂಡವರ ಮನೆಗೆ ಬರುವುದು ಹೆಚ್ಚಾಗಿ ಇಂಥ ಬಳಲಿದ, ನುಸಿ ಹತ್ತಿದ ಹಾವುಗಳೇ.

ನಾಯಿ, ಬೆಕ್ಕು, ದನಕರುಗಳ ಚಿಕಿತ್ಸೆಗೆ ಹೋಲಿಸಿದರೆ ಸರೀಸೃಪ ಚಿಕಿತ್ಸೆಯಲ್ಲಿ ಪಳಗಿದ ಪಶುವೈದ್ಯರು ದೇಶದಲ್ಲಿ ಕೆಲವೇ ಮಂದಿ, ಅವರೂ ದೊಡ್ಡ ನಗರಗಳಲ್ಲಿ. ಹಾವು ತರುವ ಮೊದಲೇ ಅಂಥ ವೈದ್ಯರನ್ನು ಗುರುತಿಸಿಕೊಂಡಿರಬೇಕು. ಭೇಟಿಯ ದಿನ ವಾರವಾರದ ತೂಕ, ಬಿಸಿ ಮತ್ತು ತಂಪು ತುದಿಗಳ ಉಷ್ಣತೆ, ಕೊನೆಯ ಊಟದ ಮತ್ತು ಕೊನೆಯ ಪೊರೆಯ ದಿನಾಂಕ ಬರೆದ ಹಾಳೆ, ಹೊಸ ಮಲದ ಮಾದರಿ, ಪೆಟ್ಟಿಗೆಯ ಒಂದು ಚಿತ್ರ, ಇವನ್ನು ಒಯ್ದರೆ ಪರೀಕ್ಷೆ ಅರ್ಧ ಮುಗಿದಂತೆ. ಹಾವನ್ನು ಹತ್ತಿಬಟ್ಟೆಯ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಗಾಳಿತೂತುಗಳಿರುವ ಗಟ್ಟಿ ಡಬ್ಬದೊಳಗಿಟ್ಟು, ಲೋಕಲ್ ರೈಲಿನ ಜನಜಂಗುಳಿ ತಪ್ಪಿಸಿ ಕರೆದೊಯ್ಯಬೇಕು.